ಅಡುಗೆಮನೆಯ ಕಿಟಕಿಯಿಂದ: ಅಜ್ಜನ ಜಾವಾ, ಮೊಮ್ಮಗನ ಕಾರ್ಬ್ಯುರೇಟರ್



ಈ ಸಂಚಿಕೆಯಲ್ಲಿ ಹಬ್ಬದ ಅಡುಗೆಯ ಬಗ್ಗೆ ಬರೆಯುವೆನೆಂದು ಹೇಳಿದ್ದೆ. ಮಾತು ತಪ್ಪಿದ್ದೇನೆ, ಕ್ಷಮಿಸಿ. ಸಂಘದ ಯುಗಾದಿ ಕಾರ್ಯಕ್ರಮದ ದಿನ ಹೊರಗೆ ನಿಂತಿದ್ದ ಹಳೆಯ ಬೈಕುಗಳ ಸಾಲು ನೋಡಿದ ಮೇಲೆ ಇದನ್ನು ಹೇಳದಿರಲು ಮನಸ್ಸಾಗಲಿಲ್ಲ.

ನಮ್ಮ ತಂದೆಯವರ ಬಳಿ ಜಾವಾ 250 ಇತ್ತು. ಝೆಕೊಸ್ಲೊವಾಕಿಯ ಮೂಲದ ಈ ಬೈಕು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 1973ರಲ್ಲಿ ಅದು ಯೆಜ್ಡಿ ಎನ್ನಿಸಿಕೊಂಡಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ತಂದೆಯವರು ತೀರಿಕೊಂಡ ಮೇಲೆ ಗುಜರಿಗೆ ಹೋಗಲಿದ್ದ ಗಾಡಿಯನ್ನು ನನ್ನ ಮಗ ಹಟ ಮಾಡಿ ರೈಲಿನಲ್ಲಿ ಡೊಂಬಿವಲಿಗೆ ತರಿಸಿಕೊಂಡ.

ಓಟ ಸಾಲದೆಂದು ಅವನಿಗೆ ಕೊರಗು. ಗೆಳೆಯರ ಮಾತು ಕೇಳಿ ಹಳೆಯ ಜಿಕೋವ್ ಕಾರ್ಬ್ಯುರೇಟರ್ ಬಿಚ್ಚಿ ದೊಡ್ಡದೊಂದನ್ನು ಕೂರಿಸಿದ, ಏರ್ ಫಿಲ್ಟರಿನ ಡಬ್ಬಿಯನ್ನೂ ಕಿತ್ತ. ಗಾಡಿ ಒಂದು ವಾರ ಹಾರಿತು. ಎರಡನೆಯ ಭಾನುವಾರ ಖಂಡಾಲಾ ಘಾಟಿನ ಏರಿನಲ್ಲಿ ಇಂಜಿನ್ ಹಿಡಿದುಕೊಂಡು ಹಿಂಚಕ್ರ ನಿಂತೇಬಿಟ್ಟಿತು. ಹಿಂದೆಯೇ ಲಾರಿಯಿತ್ತಂತೆ. ತಕ್ಷಣ ಕ್ಲಚ್ ಒತ್ತಿದ್ದರಿಂದ ಮೊಣಕೈ ತರಚಿದ್ದಷ್ಟೇ. ಆ ರಾತ್ರಿ ನಾನು ಮಲಗಲಿಲ್ಲ.

ಮರುದಿನ ಮೈಸೂರಿಗೆ, ತಂದೆಯವರ ಗಾಡಿ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಗೆ ಫೋನು ಮಾಡಿದೆ. ಎಂಬತ್ತರ ಹತ್ತಿರದ ಮನುಷ್ಯ. "ತಾಯಿ, ಹುಡುಗನ್ ಕೈಗೇ ಕೊಡಿ" ಎಂದರು. ಅವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ನನ್ನ ಮಗನ ಕನ್ನಡವೋ, ಊಟ ಆಯ್ತಾ ಎಂಬಲ್ಲಿಗೆ ಮುಗಿಯುತ್ತದೆ. ಮೊದಲು ನಾನೇ ನಡುವೆ ನಿಂತು ಅರ್ಥ ಹೇಳಿದೆ.

"ಗಾಳಿ ಜಾಸ್ತಿ ಮಾಡ್ದೆ, ಪೆಟ್ರೋಲ್ ಜಾಸ್ತಿ ಮಾಡ್ದ್ಯಾ? ಇದು ಟೂ ಸ್ಟ್ರೋಕು ಕಣಪ್ಪ. ಎಣ್ಣೆ ಬರೋದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಮ್ಮಿ ಆದ್ರೆ ಎಣ್ಣೆನೂ ಕಮ್ಮಿ. ಪಿಸ್ಟನ್ ಕಾದು ಹಿಡ್ಕೊಳ್ದೆ ಇರುತ್ತಾ?"

ಇಂಗ್ಲಿಷ್ ಬಿ.ಎ. ಮಾಡಿದ ನನಗೆ ಇದು ಅರ್ಥವಾದದ್ದು ಗ್ಯಾಸ್ ಒಲೆಯಿಂದ. ಬರ್ನರಿಗೆ ಗಾಳಿ ಕಡಿಮೆಯಾದರೆ ಜ್ವಾಲೆ ಹಳದಿ, ಪಾತ್ರೆಯ ತಳ ಮಸಿ. ಇಂಜಿನ್ನಿಗೂ ಅದೇ ಲೆಕ್ಕ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಹೆಚ್ಚು ಶಕ್ತಿ ಬೇಕಾದಾಗ ಪೆಟ್ರೋಲ್ ಸ್ವಲ್ಪ ಮುಂದಿರಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ತಿಳಿಯುತ್ತದೆ: ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ತಿಳಿಕಂದು ಇದ್ದರೆ ಸರಿ. ನಮ್ಮ ಪ್ಲಗ್ ಸುಣ್ಣದಂತಿತ್ತು.

ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಲು ಮಗನ ಎರಡು ತಿಂಗಳ ಸಂಬಳ ಹೋಯಿತು. ಆಮೇಲೆ ಹಳೆಯ ಜಿಕೋವ್ ಮತ್ತು ಫಿಲ್ಟರ್ ವಾಪಸು ಬಂದವು. ಮೇಸ್ತ್ರಿ ಹೇಳಿದ ಕ್ರಮ ಕೇಳಿ: ಮೊದಲು ಸೀಮೆಎಣ್ಣೆಯಲ್ಲಿ ತೊಳೆದು ಶುದ್ಧ ಮಾಡು. ಒಂದು ಸಲಕ್ಕೆ ಒಂದೇ ಬದಲಾವಣೆ. ಪೂರ್ತಿ ಎಕ್ಸಲರೇಟರಿಗೆ ಮೇನ್ ಜೆಟ್ ಹೊಣೆ, ನಡುವಿನ ಓಟಕ್ಕೆ ಸೂಜಿ, ನಿಂತಲ್ಲಿನ ಓಟಕ್ಕೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ. ಪ್ರತಿ ಸಲವೂ ಓಡಿಸಿ ಪ್ಲಗ್ ನೋಡು.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದನ್ನೂ ಮರೆಯಬೇಡಿ. 2023ರಿಂದ ಶೇಕಡಾ 20ರ ಮಿಶ್ರಣ ಬಂದಿದೆ. ಅದರಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಹಳೆಯ ರಬ್ಬರ್ ಕೊಳವೆಗಳೂ ಹಾಳಾಗುತ್ತವೆ.

ಮೂರನೆಯ ಫೋನಿಗೆ ಮಗ ನನ್ನನ್ನು ಕರೆಯಲಿಲ್ಲ. ಅಡುಗೆಮನೆಗೆ ಅವನ ದನಿ ಕೇಳುತ್ತಿತ್ತು: "ಮೇಸ್ತ್ರೀ, ಪ್ಲಗ್ ಕಂದು ಬಂತು. ಸೂಜಿ ಎರಡನೇ ಗೀರಲ್ಲೇ ಬಿಡ್ಲಾ?" ಇಷ್ಟು ವರ್ಷ ಕನ್ನಡ ಕಲಿ ಕಲಿ ಎಂದು ನಾನು ಬೇಡಿಕೊಂಡೆ; ಕಲಿಸಿದ್ದು ಕಾರ್ಬ್ಯುರೇಟರ್!

ಗಾಡಿ ಮೊದಲಿನಷ್ಟೇ ಓಡುತ್ತದೆ, ಆದರೆ ತಡವರಿಸದೆ ಓಡುತ್ತದೆ. ನಿಮ್ಮ ಮನೆಯಲ್ಲೂ ಅಜ್ಜನ ಗಾಡಿ ಇದ್ದರೆ ಸ್ಪ್ಯಾನರ್ ಹಿಡಿಯುವ ಮುಂಚೆ ಊರಿನ ಮೇಸ್ತ್ರಿಗೊಂದು ಫೋನು ಮಾಡಿ. ಅವರು ಇರುವಾಗಲೇ ಮಾಡಿ.

ಹಬ್ಬದ ಅಡುಗೆ ಮುಂದಿನ ಸಂಚಿಕೆಗೆ.