ಅವಕಾಶಕ್ಕೆ ಮುಂಗಡವೇ?

ವಿಜಯನಗರದಲ್ಲೋ ಕೆಂಗೇರಿಯಲ್ಲೋ ಒಂದು ಕೋಣೆ ಬಾಡಿಗೆ ಹಿಡಿದು, ಧಾರಾವಾಹಿಯಲ್ಲಿ ಪಾತ್ರ ಕೊಡಿಸುತ್ತೇವೆಂದು ಫೋಟೋ ಆಲ್ಬಮ್ಮಿಗೆ, 'ನೋಂದಣಿ'ಗೆ ಹಣ ವಸೂಲು ಮಾಡಿ ಬೋರ್ಡು ಕಳಚುವವರನ್ನೂ ನಾವು 'ಏಜೆನ್ಸಿ' ಎಂದೇ ಕರೆಯುತ್ತೇವೆ. ಅಪಾರ್ಟ್‌ಮೆಂಟಿನ ಗೇಟಿಗೆ ಕಾವಲುಗಾರನನ್ನು ಕಳುಹಿಸುವ ಸಂಸ್ಥೆಗೆ 2005ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಹದಿಹರೆಯದ ಹುಡುಗಿಯನ್ನು ಅಪರಿಚಿತರ ಆಡಿಷನ್ನಿಗೆ ಕಳುಹಿಸುವವನಿಗೆ ಬೇಡವೇ?

ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆ ನಮ್ಮ ಶಾಸನಸಭೆ 2024ರಲ್ಲಿ ಮಸೂದೆ ಅಂಗೀಕರಿಸಿತು. ಸಂತೋಷ. ಆದರೆ ಟಿಕೆಟ್ಟಿನ ಮೇಲಿನ ಸೆಸ್ಸು ಕಲಾವಿದನಾದವನಿಗೆ. ಆಗುವ ಮುಂಚೆಯೇ ಸುಲಿಗೆಯಾದವನ ಗತಿಯೇನು? ಕ್ಯಾಲಿಫೋರ್ನಿಯಾ 2009ರಲ್ಲೇ ಇಂಥ ಮುಂಗಡ ಶುಲ್ಕವನ್ನು ಕಾನೂನಿನಿಂದ ನಿಷೇಧಿಸಿತು. ನಟನಾ ತರಬೇತಿ ಮಾರುವವರಿಂದಲೂ 50,000 ಡಾಲರಿನ ಬಾಂಡ್ ಕೇಳಿತು. ಹಾಲಿವುಡ್ಡೇನೂ ಮುಚ್ಚಿಹೋಗಲಿಲ್ಲ.

ನಮ್ಮ ಕಾರ್ಮಿಕ ಇಲಾಖೆಯೂ ಲೈಸೆನ್ಸ್ ಕಡ್ಡಾಯಗೊಳಿಸಲಿ. ಏಜೆಂಟನ ಕಮಿಷನ್ನು, ಸಂಭಾವನೆ ಕಲಾವಿದನ ಕೈಸೇರಿದ ಮೇಲೆಯೇ.