ಸತ್ತವರೆಷ್ಟು, ಇದ್ದವರೆಷ್ಟು?

2024ರ ಮೇ 24ರಂದು ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಪಪುವಾ ನ್ಯೂಗಿನಿ ದೇಶದ ಎಂಗಾ ಪ್ರಾಂತದಲ್ಲಿ ಮುಂಗಾಲೋ ಬೆಟ್ಟದ ಒಂದು ಮಗ್ಗುಲು ಕಳಚಿ ಯಂಬಾಲಿ ಎಂಬ ಹಳ್ಳಿಯ ಮೇಲೆ ಬಿದ್ದಿತು. ಜನ ಮಲಗಿ ನಿದ್ರಿಸುತ್ತಿದ್ದರು. ಮನೆಗಳು, ಹಂದಿಗಳು, ಗೆಣಸಿನ ತೋಟಗಳು ಎಲ್ಲವೂ 6ರಿಂದ 8 ಮೀಟರ್ ಕಲ್ಲುಮಣ್ಣಿನ ಅಡಿಗೆ ಹೋದವು. ಸತ್ತವರು ನೂರಕ್ಕೂ ಹೆಚ್ಚು ಇರಬಹುದೆಂದು ಮೊದಲ ಸುದ್ದಿ ಬಂತು. ಎರಡು ದಿನ ಕಳೆದು ವಿಶ್ವಸಂಸ್ಥೆಯ ವಲಸೆ ಸಂಸ್ಥೆಯವರು 670 ಎಂದರು. ಅದರ ಬೆನ್ನಿಗೇ ಆ ದೇಶದ ಸರ್ಕಾರದ ವಿಪತ್ತು ಕಚೇರಿಯವರು 2000ಕ್ಕೂ ಹೆಚ್ಚು ಜನ ಜೀವಂತ ಹೂತುಹೋಗಿದ್ದಾರೆಂದು ವಿಶ್ವಸಂಸ್ಥೆಗೆ ಪತ್ರ ಬರೆದರು. ಮಣ್ಣಿನಿಂದ ಹೊರತೆಗೆದ ಶವಗಳು ಮಾತ್ರ ಕೆಲವೇ ಕೆಲವು.

ಒಂದು ಹಳ್ಳಿಯಲ್ಲಿ ಸತ್ತವರ ಸಂಖ್ಯೆ ನೂರರಿಂದ ಎರಡು ಸಾವಿರದವರೆಗೆ ಓಲಾಡುವುದೆಂದರೇನು? 670 ಎಂಬ ಅಂಕಿ ಹುಟ್ಟಿದ ಬಗೆಯನ್ನು ನೋಡಿ. ಹೂತುಹೋದ ಮನೆಗಳು 150 ಇರಬಹುದೆಂದು ಊರಿನವರೂ ಅಧಿಕಾರಿಗಳೂ ಅಂದಾಜು ಮಾಡಿದರು. ಆ ಅಂದಾಜಿನ ಮೇಲೆ ಜನರ ಅಂದಾಜು ಕಟ್ಟಿದರು. ಭಾಗಿಸಿ ನೋಡಿದರೆ ಮನೆಯೊಂದಕ್ಕೆ ಸುಮಾರು ನಾಲ್ಕೂವರೆ ಜನ. ಆ ಅರ್ಧ ಮನುಷ್ಯ ಯಾರ ಮಗನೋ! ಲೆಕ್ಕ ಹಾಕಿದವರನ್ನು ನಾನು ದೂರುವುದಿಲ್ಲ. ಅವರ ಕೈಯಲ್ಲಿ ಬೇರೆ ಪಟ್ಟಿ ಇರಲಿಲ್ಲ. ಕುಲಕುಲಗಳ ಕಾದಾಟಕ್ಕೆ ಹೆದರಿ ಬೇರೆ ಕಡೆಯಿಂದ ಓಡಿಬಂದು ಆ ಊರಿನಲ್ಲಿ ತಂಗಿದ್ದವರು ಆ ಲೆಕ್ಕದಲ್ಲಿ ಸೇರಿಯೇ ಇರಲಿಲ್ಲ.

ನಾನು ಕೆಲವು ವರ್ಷ ಮೇಷ್ಟರಾಗಿದ್ದವನು. ದಿನವೂ ಬೆಳಿಗ್ಗೆ ಹಾಜರಿ ಕರೆಯುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಹೆಸರಿರುವ ಹುಡುಗ ಎರಡು ದಿನ ಬಾರದಿದ್ದರೆ ಅವನ ಮನೆಗೆ ಯಾರನ್ನಾದರೂ ಓಡಿಸುತ್ತಿದ್ದೆವು. ಹೆಸರೇ ಇಲ್ಲದ ಹುಡುಗ ಬಾರದಿದ್ದರೆ ಯಾರೂ ಹುಡುಕುತ್ತಿರಲಿಲ್ಲ. ಎಂಗಾ ಬೆಟ್ಟದ ಜನ ತಮ್ಮ ದೇಶದ ಹಾಜರಿ ಪುಸ್ತಕದಲ್ಲಿ ಇಲ್ಲದವರು. ಅಲ್ಲಿ 2011ರಲ್ಲಿ ಜನಗಣತಿಯಾಗಿತ್ತು; ಅದಾದ ಮೇಲೆ ಎಣಿಕೆ ಶುರುವಾದದ್ದು 2024ರ ಜೂನಿನಲ್ಲಿ, ಬೆಟ್ಟ ಬಿದ್ದ ಮೇಲೆ. ಹಳ್ಳಿಯ ಮಾತು ಹಾಗಿರಲಿ, ಇಡೀ ದೇಶದ ಲೆಕ್ಕವೇ ಹೀಗೆ. 2022ರ ಕೊನೆಯಲ್ಲಿ ವಿಶ್ವಸಂಸ್ಥೆಯ ಒಂದು ಅಂದಾಜು ಪತ್ರಿಕೆಗಳಿಗೆ ಸಿಕ್ಕಿತು. ಸರ್ಕಾರ ತನ್ನ ಪ್ರಜೆಗಳು 90 ಲಕ್ಷದ ಆಸುಪಾಸು ಎನ್ನುತ್ತಿದ್ದರೆ, ಆ ಅಂದಾಜು 1 ಕೋಟಿ 70 ಲಕ್ಷ ಎನ್ನುತ್ತಿತ್ತು. ಎಷ್ಟು ಬಾಯಿಗೆ ಅನ್ನ, ಎಷ್ಟು ಮಕ್ಕಳಿಗೆ ಶಾಲೆ, ಎಷ್ಟು ಬಾಣಂತಿಯರಿಗೆ ದಾದಿ ಎಂಬುದನ್ನು ಇಂಥ ಸರ್ಕಾರ ಯಾವ ಆಧಾರದ ಮೇಲೆ ತೀರ್ಮಾನಿಸೀತು? (ಓದುಗರು ನಗುವ ಮುಂಚೆ ಒಂದು ಮಾತು. 2021ರಲ್ಲಿ ನಡೆಯಬೇಕಾಗಿದ್ದ ನಮ್ಮ ದೇಶದ ಜನಗಣತಿಯೂ ಆ ವರ್ಷ ನಡೆಯಲಿಲ್ಲ.)

ಲೆಕ್ಕಕ್ಕೆ ಸಿಗದ ಈ ಜನ ಯಾರು? ಕಾಡುಮನುಷ್ಯರು, ಶಿಲಾಯುಗದವರು ಎಂದು ಬರೆದು ಹೊಟ್ಟೆ ಹೊರೆದ ಪ್ರವಾಸಿಗರಿಗೆ ಕೊರತೆಯಿಲ್ಲ. ಆದರೆ ಅದೇ ಮಲೆನಾಡಿನ ವಾಹ್ಗಿ ಕಣಿವೆಯಲ್ಲಿ ಕೂಕ್ ಎಂಬ ಜೌಗು ನೆಲವಿದೆ. ಅಲ್ಲಿ ಸುಮಾರು ಏಳು ಸಾವಿರ ವರ್ಷಗಳ ಹಿಂದೆಯೇ ಜನ ಬೇಸಾಯ ಮಾಡುತ್ತಿದ್ದರು. ಆಮೇಲೆ ನೀರು ಬಸಿಯಲು ಕಾಲುವೆ ತೋಡಿ ಕೆಸುವು, ಬಾಳೆ ಬೆಳೆದರು. ಪುರಾತತ್ತ್ವಜ್ಞರು ಇದನ್ನು ಅಗೆದು ತೋರಿಸಿದ್ದಾರೆ; 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ನೆಲ ಉತ್ತು ಬಿತ್ತುವ ವಿದ್ಯೆಯನ್ನು ಯಾರ ಹಂಗೂ ಇಲ್ಲದೆ ತಾವೇ ಕಂಡುಕೊಂಡವರು ಜಗತ್ತಿನಲ್ಲಿ ಕೆಲವೇ ಜನ. ಅವರಲ್ಲಿ ಇವರೂ ಸೇರಿದ್ದಾರೆ.

ಈಗ ಅವರ ಮುಖ್ಯ ಆಹಾರ ಗೆಣಸು. ಕೌಕೌ ಎಂದು ಕರೆಯುತ್ತಾರೆ. ಎಂಗಾದ ಹೆಂಗಸರು ಮಣ್ಣನ್ನು ದೊಡ್ಡ ದೊಡ್ಡ ದುಂಡು ಗುಡ್ಡೆ ಮಾಡಿ, ಹೊಟ್ಟೆಯೊಳಗೆ ಹುಲ್ಲು ಸೊಪ್ಪು ತುಂಬಿ, ಅದು ಕೊಳೆತು ಕಾವೇರಿದ ಮೇಲೆ ಬಳ್ಳಿ ನೆಡುತ್ತಾರೆ. ಎತ್ತರದ ಚಳಿಯಲ್ಲಿ ಬೆಳೆಗೆ ಈ ಗುಡ್ಡೆಯೇ ಕಂಬಳಿ. ಆದರೂ 1972ರಲ್ಲಿ ಬಿದ್ದಂಥ ಇಬ್ಬನಿಯ ಹಿಮಕ್ಕೆ ಬಳ್ಳಿ ಸುಟ್ಟು ಕಪ್ಪಾಗುತ್ತದೆ. 1997ರಲ್ಲೂ 2015ರಲ್ಲೂ ಬರ ಮತ್ತು ಹಿಮ ಕೂಡಿ ಬಂದವು. ಕಾಡು ಕಡಿಯುವುದು, ಬೇಲಿ ಕಟ್ಟುವುದು ಗಂಡಸಿನ ಕೆಲಸ. ನೆಡುವುದು, ಕಳೆ ಕೀಳುವುದು, ಅಗೆಯುವುದು, ಹೊರುವುದು, ಹಂದಿಗೆ ಹಾಕುವುದು ಹೆಂಗಸಿನ ಪಾಲು. ಬಿಲುಂ ಎಂಬ ಹೆಣೆದ ಚೀಲದ ಹಿಡಿಯನ್ನು ನೆತ್ತಿಗೆ ಸಿಕ್ಕಿಸಿ, ಬೆನ್ನ ಮೇಲೆ ಗೆಣಸು, ಅದೇ ಬಗೆಯ ಇನ್ನೊಂದು ಚೀಲದಲ್ಲಿ ಕೂಸು, ಹೀಗೆ ಅವಳು ಬೆಟ್ಟ ಹತ್ತುತ್ತಾಳೆ. ವಧುದಕ್ಷಿಣೆಗೂ ಜಗಳದ ಪರಿಹಾರಕ್ಕೂ ಕೊಡುವ ಹಂದಿ ಬೆಳೆಯುವುದು ಅವಳ ದುಡಿಮೆಯಿಂದ. ಕೊಡುವಾಗ ಎದ್ದುನಿಂತು ಭಾಷಣ ಮಾಡುವವನು ಗಂಡಸು. ಇದನ್ನು ಹಳೆಯ ಸಂಸ್ಕೃತಿ ಎಂದು ಹೊಗಳಲು ನನ್ನಿಂದಾಗದು.

ಹೊರಗಿನವರು ಈ ಬೆಟ್ಟಗಳಿಗೆ ಬಂದದ್ದೇ ಚಿನ್ನಕ್ಕಾಗಿ. 1930ರವರೆಗೆ ಬಿಳಿಯರು ಈ ಒಳನಾಡಿನಲ್ಲಿ ಜನವಸತಿಯೇ ಇಲ್ಲವೆಂದು ನಂಬಿದ್ದರು. ಆಸ್ಟ್ರೇಲಿಯಾದ ಮೈಕೇಲ್ ಲೇಹಿ ಮತ್ತು ಅವನ ಜೊತೆಗಾರರು ಚಿನ್ನ ಹುಡುಕುತ್ತಾ ಹೋದಾಗ ಕಣಿವೆ ಕಣಿವೆಯಲ್ಲೂ ಹೊಗೆ ಏಳುತ್ತಿತ್ತು. ಲಕ್ಷಾಂತರ ಜನ ಇದ್ದರು. ಬೆಟ್ಟದವರು ಕಡಲ ಚಿಪ್ಪನ್ನು ಬೆಲೆಬಾಳುವ ವಸ್ತುವೆಂದು ಭಾವಿಸಿದ್ದನ್ನು ಕಂಡು ಬಿಳಿಯರು ವಿಮಾನದಲ್ಲಿ ಚಿಪ್ಪು ತರಿಸಿದರು. ಅದನ್ನು ಕೊಟ್ಟು ಗೆಣಸು ಕೊಂಡರು, ಹಂದಿ ಕೊಂಡರು, ಕೂಲಿ ಮಾಡಿಸಿದರು. ಚಿಪ್ಪು ಹೆಚ್ಚಿದಂತೆ ಅದರ ಬೆಲೆ ಇಳಿಯಿತು. 1950ರಿಂದ ಆಸ್ಟ್ರೇಲಿಯಾ ಸರ್ಕಾರವೇ ಒಂದು ಯೋಜನೆ ಮಾಡಿ ಬೆಟ್ಟದ ಗಂಡಸರನ್ನು ಕರಾವಳಿಯ ತೋಟಗಳಿಗೆ ಕರಾರು ಕೂಲಿಗಳಾಗಿ ಸಾಗಿಸಿತು. ಆಗ ತಲೆ ಎಣಿಸಲು ಯಾರಿಗೂ ಕಷ್ಟವಾಗಲಿಲ್ಲ!

1975ರ ಸೆಪ್ಟೆಂಬರ್ 16ರಂದು ದೇಶ ಸ್ವತಂತ್ರವಾಯಿತು. ಹೊಸ ನಾಣ್ಯಕ್ಕೆ ಹಳೆಯ ಚಿಪ್ಪಿನ ಹೆಸರನ್ನೇ ಇಟ್ಟು ಕೀನಾ ಎಂದರು. ಚಿನ್ನ ಮಾತ್ರ ಹೊರಕ್ಕೆ ಹೋಗುವುದು ನಿಲ್ಲಲಿಲ್ಲ.

ದುರ್ಗಮ ಪ್ರದೇಶ, ಅಲ್ಲಿಗೆ ಸರ್ಕಾರ ಹೇಗೆ ತಲುಪೀತು ಎಂದು ಕೇಳುವವರಿದ್ದಾರೆ. ರಾಜಧಾನಿ ಪೋರ್ಟ್ ಮೋರೆಸ್ಬಿಯಿಂದ ಮಲೆನಾಡಿಗೆ ಇಂದಿಗೂ ರಸ್ತೆಯಿಲ್ಲ, ನಿಜ. ಎಷ್ಟೋ ಹಳ್ಳಿಗಳಿಗೆ ಸಣ್ಣ ವಿಮಾನವೊಂದೇ ಗತಿ ಎಂಬುದೂ ನಿಜ. ಆದರೆ ಯಂಬಾಲಿಗೆ ಈ ನೆಪ ಸಲ್ಲದು. ಅದು ಹೆದ್ದಾರಿಯ ಮೇಲಿನ ಊರು, ಮತ್ತು ಆ ಹೆದ್ದಾರಿ ಹೋಗಿ ಮುಟ್ಟುವುದು ಪೋರ್ಗೆರಾ ಚಿನ್ನದ ಗಣಿಯನ್ನು. 1990ರಿಂದ ಅಲ್ಲಿ ಚಿನ್ನ ತೆಗೆದಿದ್ದಾರೆ. ಗಣಿಯ ರಾಡಿಯನ್ನು ನದಿಗೆ ಬಿಟ್ಟಿದ್ದಾರೆ. 2020ರಲ್ಲಿ ಸರ್ಕಾರ ಗುತ್ತಿಗೆಯನ್ನು ಮುಂದುವರಿಸಲು ಒಪ್ಪದಿದ್ದಾಗ ಗಣಿ ನಿಂತಿತು. ಸರ್ಕಾರಕ್ಕೂ ಕೆನಡಾದ ಬ್ಯಾರಿಕ್, ಚೀನಾದ ಜಿಜಿನ್ ಕಂಪನಿಗಳಿಗೂ ಪಾಲಿನ ವಿಚಾರದಲ್ಲಿ ವರ್ಷಗಟ್ಟಲೆ ಚೌಕಾಸಿ ನಡೆದು, ದೇಶದವರಿಗೆ ನೂರಕ್ಕೆ 51, ಕಂಪನಿಗಳಿಗೆ 49 ಎಂದು ಇತ್ಯರ್ಥವಾಯಿತು. 2024ರ ಜನವರಿಯಲ್ಲಿ ಚಿನ್ನ ಮತ್ತೆ ಹರಿಯಿತು. ಬೆಟ್ಟ ಬಿದ್ದದ್ದು ಅದಾದ ನಾಲ್ಕು ತಿಂಗಳಿಗೆ. ಗಣಿಯಿಂದಲೇ ಬೆಟ್ಟ ಬಿತ್ತೆಂದು ನಾನು ಹೇಳುತ್ತಿಲ್ಲ. ಔನ್ಸಿನ ಭಾಗದವರೆಗೆ ಚಿನ್ನ ತೂಗುವ ತಕ್ಕಡಿ ಹತ್ತಿ ಹೋದ ಬೆಟ್ಟಕ್ಕೆ, ಮೂವತ್ತು ವರ್ಷ ಕಳೆದರೂ, ಹುಟ್ಟುಸಾವು ಬರೆದಿಡುವ ಒಂದು ಪುಸ್ತಕ ಏಕೆ ಹತ್ತಲಿಲ್ಲವೆಂದು ಕೇಳುತ್ತಿದ್ದೇನೆ.

ಬೆಟ್ಟ ಬಿದ್ದ ದಿನ ಊರಿನವರು ಸನಿಕೆ, ಕೋಲು, ಬರಿಗೈಗಳಿಂದ ಬಂಡೆಗಳನ್ನು ಕೆದಕಿದರು. ಮೊದಲ ಅಗೆಯುವ ಯಂತ್ರ ಬಂದದ್ದು ಎರಡು ದಿನ ಕಳೆದ ಮೇಲೆ, ಅದೂ ಸ್ಥಳೀಯ ಗುತ್ತಿಗೆದಾರನೊಬ್ಬ ಕೊಟ್ಟದ್ದು. ಪರಿಹಾರ ಸಾಮಗ್ರಿಯ ವಾಹನಗಳು ದಾರಿಯಲ್ಲಿ ಕುಲಗಳ ಕಾದಾಟವಿದ್ದುದರಿಂದ ಸೈನಿಕರ ಕಾವಲಿನಲ್ಲಿ ಬರಬೇಕಾಯಿತು. ಅಲ್ಲಿ ಬಿಲ್ಲುಬಾಣದ ಕಾಲ ಹೋಗಿ ಬಂದೂಕು ಬಂದಿದೆ. ಔಷಧಿ ಹೋಗದ ದಾರಿಯಲ್ಲಿ ಬಂದೂಕು ಹೋಗುತ್ತದೆ.

ಇನ್ನು ಉಳಿದವರ ಪಾಡು. ಆ ದೇಶದ ನೆಲದಲ್ಲಿ ನೂರಕ್ಕೆ 97ರಷ್ಟು ಕುಲಗಳ ಕೈಯಲ್ಲೇ ಇದೆ, ಜಮೀನ್ದಾರನೆಂಬವನಿಲ್ಲ. ಇದು ನಮ್ಮಂಥವರು ಹೊಟ್ಟೆಕಿಚ್ಚು ಪಡುವ ಸಂಗತಿ. ಆದರೆ ನೆಲದಡಿಯ ಚಿನ್ನ 1992ರ ಕಾನೂನಿನಂತೆ ಸರ್ಕಾರದ್ದು; ಮತ್ತು ಒಂದು ಕುಲದ ನೆಲ ಬಂಡೆಯ ಕೆಳಗೆ ಹೋದರೆ ಪಕ್ಕದ ನೆಲ ಇನ್ನೊಂದು ಕುಲದ್ದು. ನಿರಾಶ್ರಿತರಿಗೆ ಸರ್ಕಾರ ಟಾರ್ಪಾಲು ಕೊಡಬಹುದು, ಅಕ್ಕಿ ಕೊಡಬಹುದು. ಗೆಣಸಿನ ಬಳ್ಳಿ ನೆಡಲು ಜಾಗ ಕೊಡಬೇಕಾದರೆ ಪಕ್ಕದ ಕುಲದ ಹಿರಿಯರೊಡನೆ ಕೂತು ಮಾತಾಡಬೇಕು. ಆ ಎತ್ತರದಲ್ಲಿ ನೆಟ್ಟ ಬಳ್ಳಿ ಗೆಣಸು ಕೊಡಲು ಎಂಟೊಂಬತ್ತು ತಿಂಗಳಾದರೂ ಹಿಡಿಯುತ್ತದೆ. ಹಾಗೆ ಮಾತಾಡಲು ಹೋಗುವ ಅಧಿಕಾರಿಯನ್ನು ಆ ಹಿರಿಯರು ಕೇಳುವ ಮೊದಲನೆಯ ಪ್ರಶ್ನೆಯೇ, ಎಷ್ಟು ಜನರಿಗೆ ಜಾಗ ಬೇಕು ಎಂಬುದು.