ವಾಡೆಗಳ ಬಾಗಿಲನ್ನು ಪ್ರವಾಸಿಗರಿಗೆ ತೆರೆಯಬೇಕೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ದೇಸಗತಿ, ಗೌಡಕಿ, ಇನಾಮು ಮನೆತನಗಳ ವಾಡೆಗಳು ಇನ್ನೂ ಉಳಿದಿವೆ. ಕೆಲವುಗಳಲ್ಲಿ ಒಲೆ ಉರಿಯುತ್ತಿದೆ, ಕೆಲವಕ್ಕೆ ಬೀಗ ಬಿದ್ದಿದೆ. ಅಹ್ಮದಾಬಾದಿನ ಹಳೆಯ ಓಣಿಗಳಲ್ಲಿ 1997ರಿಂದ ಪಾರಂಪರಿಕ ನಡಿಗೆ ನಡೆಯುತ್ತಿದೆ. 2017ರಲ್ಲಿ ಆ ನಗರ ಯುನೆಸ್ಕೊ ಪಟ್ಟಿ ಸೇರಿತು. ಅಂಥದೇ ಮನೆನೋಟದ ಪ್ರವಾಸ ನಮ್ಮಲ್ಲೂ ಬೇಕೆ?

ಪರ: ನೋಡುವವರು ಬಂದರೆ ಮನೆ ಉಳಿದೀತು

ಕಿತ್ತೂರ ಕೋಟೆಗೆ ಹೋದವರು ಅರಮನೆಯ ಅಡಿಪಾಯ, ಮುರಿದ ಗೋಡೆ, ಧ್ರುವ ನಕ್ಷತ್ರ ನೋಡಲೆಂದು ಕೂಡಿಸಿದ್ದೆಂದು ಹೇಳುವ ಕೊಳವೆ, ಇಷ್ಟನ್ನು ಕಂಡು ಬರುತ್ತಾರೆ. ಆ ಕಾಲದ ದೊಡ್ಡ ಮನೆಯಲ್ಲಿ ಜನ ಎಲ್ಲಿ ಕೂಡುತ್ತಿದ್ದರು, ಕಾಳು ಎಲ್ಲಿ ತುಂಬುತ್ತಿದ್ದರು, ಬೆಳಕು ಎಲ್ಲಿಂದ ಬರುತ್ತಿತ್ತು ಎಂಬುದು ಅಲ್ಲಿ ತಿಳಿಯುವುದಿಲ್ಲ. ಅದನ್ನು ತಿಳಿಸಬಲ್ಲವು ಬದುಕಿರುವ ವಾಡೆಗಳೇ.

ತಲಬಾಗಿಲು ದಾಟಿದರೆ ಅಂಗಳ, ಅದರ ಸುತ್ತ ಪಡಸಾಲೆ. ಸಾಗವಾನಿ ಕಂಬದ ತಲೆಗೆ ಕೆತ್ತನೆಯ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತಾಗಿ ಜೋಡಿಸಿದ ಜಂತಿ, ಎಲ್ಲಕ್ಕೂ ಮೇಲೆ ಮಣ್ಣಿನ ಮಾಳಿಗೆ. ಏಪ್ರಿಲ್ ಬಿಸಿಲಿನಲ್ಲೂ ಒಳಗೆ ತಂಪು. ದಪ್ಪ ಗೋಡೆ ಹಗಲಿನ ಕಾವನ್ನು ತಡೆದು ಹಿಡಿಯುತ್ತದೆ. ಕಿಟಕಿಯಿಲ್ಲದ ನಡುಮನೆಗೆ ಬೆಳಕಿಂಡಿಯೊಂದೇ ಸಾಕು. ಫ್ಯಾನಿಲ್ಲದ ಕಾಲದಲ್ಲಿ ಈ ನೆಲದ ಬಡಿಗರು, ಗೌಂಡಿಗಳು ಕಂಡುಕೊಂಡ ಜಾಣ್ಮೆ ಇದು. ನಮ್ಮ ಮಕ್ಕಳು ಇದನ್ನು ಕಣ್ಣಾರೆ ನೋಡಬೇಡವೆ?

ನೋಡುವವರಿಲ್ಲದ ಮನೆಗೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಕೆತ್ತನೆಯ ಬಾಗಿಲು ಹಳೆ ಸಾಮಾನಿನ ವ್ಯಾಪಾರಿಯ ಪಾಲಾಗುತ್ತದೆ, ತೊಲೆ ಗರಗಸಕ್ಕೆ ಹೋಗುತ್ತದೆ. ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್ ಉಳಿದದ್ದು ಅವನ್ನು ಬಿಚ್ಚಿ ಒಯ್ದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದ್ದರಿಂದ. ಅದು ದೊಡ್ಡ ಉಪಕಾರವೇ ಸರಿ. ಆದರೆ ಬಯಲುಸೀಮೆಯ ಮನೆ ನೋಡಲು ಬಯಲುಸೀಮೆಯವರೇ ಕರಾವಳಿಗೆ ಹೋಗುವಂತಾಗಬಾರದು.

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಭಕ್ತರು ಬರುತ್ತಾರೆ. ಅವರಲ್ಲಿ ಒಂದಿಷ್ಟು ಜನ ಶಿರಸಂಗಿಯ ಕಾಳಿಕಾ ಗುಡಿ, ಅಲ್ಲಿನ ದೇಸಗತಿಯ ಲಿಂಗರಾಜರ ವಾಡೆ, ರಾಮದುರ್ಗದ ಅರಮನೆಯ ಕಡೆ ಹೊರಳಿದರೂ ಸಾಕು. ಪ್ರವೇಶ ಚೀಟಿಯ ಹಣದಲ್ಲಿ ಮಾಳಿಗೆಗೆ ವರ್ಷವರ್ಷ ಹೊಸ ಮಣ್ಣು ಬೀಳುತ್ತದೆ, ಊರ ಹುಡುಗರಿಗೆ ಕೆಲಸ ಸಿಗುತ್ತದೆ.

ವಿರೋಧ: ಮೊದಲು ಮಾಳಿಗೆ ಸೋರದಿರಲಿ

ಕಿತ್ತೂರ ಕೋಟೆ ಎಲ್ಲರದು. ಆದರೆ ಜನ ವಾಸವಾಗಿರುವ ವಾಡೆ ಒಂದು ಕುಟುಂಬದ ಮನೆ. ಅಲ್ಲಿ ದೇವರಮನೆಯಿದೆ, ಬಾಣಂತಿಯ ಕೋಣೆಯಿದೆ, ಹಾಸಿಗೆ ಹಿಡಿದ ಹಿರಿಯರಿದ್ದಾರೆ. ವಾರಕ್ಕೊಮ್ಮೆ ಅಪರಿಚಿತರು ಫೋನ್ ಎತ್ತಿ ಹಿಡಿದು ಪಡಸಾಲೆಗೆ ಬಂದರೆ ಅಡುಗೆಮನೆಯ ಹೆಂಗಸರು ಎಲ್ಲಿ ಹೋಗಬೇಕು?

ಹಿಸ್ಸೆಯ ಮಾತೂ ಇದೆ. ಬಹುತೇಕ ವಾಡೆಗಳಿಗೆ ಈಗ ಹಲವು ಪಾಲುದಾರರು: ಒಬ್ಬರು ಬೆಳಗಾವಿಯಲ್ಲಿ, ಒಬ್ಬರು ಪುಣೆಯಲ್ಲಿ, ಊರಲ್ಲಿ ಉಳಿದವರು ಒಬ್ಬರೇ. ಚೀಟಿಯ ಹಣ ಯಾರದು, ಬಿದ್ದ ಗೋಡೆ ಕಟ್ಟಿಸುವವರು ಯಾರು ಎಂಬ ತಕರಾರು ಕೋರ್ಟಿನ ಮೆಟ್ಟಿಲೇರಿದರೆ ಮನೆಗೆ ಬೀಗವೇ ಗತಿ.

ಮನೆಗಳು ಬೀಳುತ್ತಿರುವುದು ನೋಡುವವರಿಲ್ಲದೆ ಅಲ್ಲ, ರಿಪೇರಿಗೆ ಆಸರೆಯಿಲ್ಲದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿಗೆ ನುಗ್ಗಿದಾಗ ನೆನೆದ ಮಣ್ಣಿನ ಗೋಡೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಮನೆ ಕಳಕೊಂಡವರಿಗೆ ಅದು ಬೇಕೇ ಬೇಕಿತ್ತು. ಆದರೆ ಆ ಹಣ ಸಿಮೆಂಟಿನ ಹೊಸ ಮನೆಯಾಯಿತು. ಹಳೆಯ ಗೋಡೆಯನ್ನು ಮಣ್ಣಿನಲ್ಲೇ ಎತ್ತಿ ಕಟ್ಟಲು, ಹುಳ ತಿಂದ ಜಂತಿ ಬದಲಿಸಲು ಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಆ ಕಸುಬು ಉಳಿಸದೆ ಪ್ರವಾಸಿಗರನ್ನು ಕರೆತರುವುದೆಂದರೆ ಸೋರುವ ಮಾಳಿಗೆಯ ಕೆಳಗೆ ಜನರನ್ನು ನಿಲ್ಲಿಸಿದಂತೆ.

ಇನ್ನೊಂದು ನೋವು: ಇಂಥ ಪ್ರವಾಸಗಳು ಒಡೆಯರ ಮನೆಯನ್ನಷ್ಟೇ ತೋರಿಸುತ್ತವೆ. ವಾಡೆಯ ಹಗೇವು ತುಂಬಿದ ರೈತರ ಬೆವರಿನ ಮಾತು ಅಲ್ಲಿ ಬರುವುದಿಲ್ಲ. ರಾಮದುರ್ಗದ ನೇಕಾರನ ಮನೆಯೂ ವಾಸ್ತುವೇ. ಮಗ್ಗದ ಕುಣಿ, ಅದಕ್ಕೆ ಬೇಕಾದ ಬೆಳಕು, ನೂಲು ಹಾಸುವ ಜಾಗ ನೋಡಿಯೇ ಅದನ್ನು ಕಟ್ಟಿದ್ದು. ಅದು ಯಾರ ಪಟ್ಟಿಯಲ್ಲಿದೆ? ಶಿರಸಂಗಿಯ ವಾಡೆಯ ಹಿರಿಮೆಯಾದರೂ ಕಂಬ ಬೋದಿಗೆಯಲ್ಲಿಲ್ಲ. 1906ರಲ್ಲಿ ತೀರಿಕೊಂಡ ತ್ಯಾಗವೀರ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟದ್ದರಲ್ಲಿದೆ.

ಖಾಲಿ ಬಿದ್ದ ವಾಡೆ, ಅರಮನೆಗಳನ್ನು ಒಡೆಯರ ಒಪ್ಪಿಗೆಯಿಂದ ದುರಸ್ತಿ ಮಾಡಿ ತೋರಿಸಲಿ; ಅದಕ್ಕೆ ಅಡ್ಡಿಯಿಲ್ಲ. ಒಲೆ ಉರಿಯುವ ಮನೆಗಳಿಗೆ ಮಾತ್ರ ಮೊದಲು ದುರಸ್ತಿಯ ನೆರವು, ಬಡಿಗರು, ಗೌಂಡಿಗಳು ಬರಲಿ. ಆಮೇಲೆ ಬಾಗಿಲು ತೆರೆಯಬೇಕೋ ಬೇಡವೋ ಎಂಬುದನ್ನು ಆ ಮನೆಯನ್ನು ದಿನಾ ಗುಡಿಸಿ ಸಾರಿಸುವವರೇ ತೀರ್ಮಾನಿಸಲಿ.